ಬಿಸಿಲಿಗೆ ಬಾಗಿದ ಜಾಝ್ ರೆಕಾರ್ಡು

ನಾನು ಹೋದದ್ದು ಮೈಕ್ರೋವೇವ್ ಒಲೆಗೆ. ಯಾನ್ಬುವಿನ ನಮ್ಮ ಕ್ಯಾಂಪಿನಲ್ಲಿ ಯಾರಿಗಾದರೂ ಫೈನಲ್ ಎಕ್ಸಿಟ್ ಆಯಿತೆಂದರೆ, ಅಂದರೆ ಸೌದಿ ಬಿಟ್ಟು ಕಾಯಂ ಊರಿಗೆ ಹೊರಟರೆಂದರೆ, ಅವರ ಕೋಣೆಯ ಸಾಮಾನು ಉಳಿದವರ ಪಾಲು. ಮೊದಲು ಫ್ರಿಜ್ಜು ಹೋಗುತ್ತದೆ, ಆಮೇಲೆ ರೈಸ್ ಕುಕ್ಕರು, ಕೊನೆಗೆ ಬಟ್ಟೆ ಒಣಗಿಸುವ ಹಗ್ಗವೂ. ನಮ್ಮ ರಿಫೈನರಿ ವರ್ಕ್‌ಶಾಪಿನ ಮೇಲ್ವಿಚಾರಕ, ಅರುವತ್ತು ದಾಟಿದ ಇಂಗ್ಲೆಂಡಿನವ, ಹೊರಟ ದಿನ ನಾನು ಸ್ನಾನ ಮಾಡಿ, ತಲೆ ಬಾಚಿ, ಸಾವಕಾಶ ಹೋದೆ. ಅಷ್ಟರಲ್ಲಿ ಮೈಕ್ರೋವೇವ್ ಯಾರದೋ ಹೆಗಲೇರಿ ಹೋಗಿಯಾಗಿತ್ತು. ಉಳಿದದ್ದು ಒಂದು ರೆಕಾರ್ಡ್ ಪ್ಲೇಯರ್ ಮತ್ತು ಒಂದು ರಟ್ಟಿನ ಪೆಟ್ಟಿಗೆ ತುಂಬ ಹಳೆಯ ರೆಕಾರ್ಡುಗಳು.

“ನಿನಗಾಗಿಯೇ ಇಟ್ಟದ್ದು,” ಅಂದ ಮುದುಕ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಕೋಣೆಗೆ ತಂದು ಬಿಚ್ಚಿ ನೋಡಿದರೆ ಪ್ರತಿ ಹೊದಿಕೆಯ ಮೇಲೂ ಅವನ ಕೈಬರಹದ ಚೀಟಿ ಅಂಟಿತ್ತು. ಒಬ್ಬ ಹೆಂಗಸು ಬರೀ ಪಿಯಾನೋ ಜೊತೆಗೆ ಹಾಡಿದ ಆಲ್ಬಮ್ಮಿಗೆ, “ಶುಕ್ರವಾರ ಬೆಳಿಗ್ಗೆ, ಟೀ ಕುಡಿಯುತ್ತ.” ದೊಡ್ಡ ವಾದ್ಯಮೇಳದ ಮುಂದೆ ಟೈ ಕಟ್ಟಿ ನಿಂತ ಗಾಯಕನದ್ದಕ್ಕೆ, “ಮನೆಯ ನೆನಪಾದಾಗ ಮೊದಲ ಬದಿ ಮಾತ್ರ.” ಇನ್ನೊಂದಕ್ಕೆ, “ಮೂರು ಸಲ ಕೇಳಿದ ಮೇಲೆ ಬೈಯಿ.” ಡಾಕ್ಟರು ಮಾತ್ರೆಯ ಚೀಟಿ ಬರೆದ ಹಾಗೆ. ನನಗೆ ಮೊದಲು ನಗು ಬಂತು. ಮೂರು ಸಲ ಕೇಳಿದ ಮೇಲೆ ಬೈಯಲು ಆಗಲಿಲ್ಲ.

ನನ್ನ ರೂಮ್‌ಮೇಟ್ ಬಂಟ್ವಾಳ ಕಡೆಯ ಬ್ಯಾರಿ, ಪ್ಲಾಂಟಿನಲ್ಲಿ ವೆಲ್ಡರ್. ಬಾಂಗು ಕೇಳಿದ ಕೂಡಲೇ ಪ್ಲೇಯರ್ ನಿಲ್ಲಿಸಬೇಕು ಎಂಬುದೊಂದೇ ಅವನ ಷರತ್ತು. ಟೈ ಕಟ್ಟಿದ ಗಾಯಕನನ್ನು ಕೇಳಿ ಅವನು, “ಇವ ಎಂತ ಮಾರಾಯ, ಹಾಡ್ತಾನಾ, ನಮ್ಮ ಕಿವಿಯಲ್ಲಿ ಚಾಡಿ ಹೇಳ್ತಾನಾ?” ಎಂದ. ಹೇಳಿದ ಮೇಲೆ ಎರಡನೆಯ ಬದಿ ಹಾಕಿಸಿಕೊಂಡು ಕೇಳಿದ.

ಪೆಟ್ಟಿಗೆಯ ತಳದಲ್ಲಿತ್ತು ಸ್ಯಾಕ್ಸೋಫೋನಿನ ಒಂದು ಆಲ್ಬಮ್. ಅದನ್ನು ನಾನು ಬೇಕೆಂದೇ ಕೊನೆಗಿಟ್ಟಿದ್ದೆ.

ಕಾರಣ ಹೇಳಬೇಕು. ನಮ್ಮದು ಕಾರ್ಕಳ ಕಡೆಯ ವಾದ್ಯದವರ ಮನೆ. ಅಪ್ಪ ಮದುವೆಗಳಿಗೆ ಸ್ಯಾಕ್ಸೋಫೋನ್ ನುಡಿಸುತ್ತಿದ್ದರು. ನನಗೂ ಹದಿನೇಳರ ತನಕ ಕಲಿಸಿದರು. ಒಂದು ಮದುವೆಯಲ್ಲಿ ನಾನು ಕೆನ್ನೆ ಉಬ್ಬಿಸಿ ನಿಂತದ್ದನ್ನು ಕ್ಲಾಸಿನ ಹುಡುಗಿಯರು ನೋಡಿ ನಕ್ಕರು. ಮರುದಿನ, ಇನ್ನು ನಾನು ಊದುವುದಿಲ್ಲ ಎಂದು ಅಪ್ಪನಿಗೆ ಹೇಳಿಬಿಟ್ಟೆ. ಅಪ್ಪ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಐಟಿಐ ಮುಗಿಸಿ ಸೌದಿಗೆ ಬಂದ ಮೇಲೂ ಸಂಗೀತದ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ. ಫೋನಿನಲ್ಲಿ “ಊಟ ಆಯ್ತಾ,” “ಆಯ್ತು,” “ಅಲ್ಲಿ ಸೆಕೆ ಉಂಟಾ,” “ಉಂಟು.” ಇಷ್ಟರಲ್ಲಿ ಹತ್ತು ವರ್ಷ ಹೋಯಿತು.

ಎರಡು ವರ್ಷದ ಹಿಂದೆ ಅಪ್ಪನ ಮುಂದಿನ ಹಲ್ಲುಗಳು ಹೋದವು. ಸ್ಯಾಕ್ಸೋಫೋನಿಗೆ ಮೇಲಿನ ಹಲ್ಲೇ ಆಧಾರ. ಕಟ್ಟಿಸಿದ ಹಲ್ಲು ಹಾಕಿಕೊಂಡು ಒಂದು ಮದುವೆಗೆ ಹೋದರು. ಧಾರೆಯ ಹೊತ್ತಿಗೆ ಸ್ವರ ಕೀರಲಾಗಿ ಒಡೆಯಿತು. ಚಪ್ಪರದಲ್ಲಿದ್ದವರೆಲ್ಲ ತಿರುಗಿ ನೋಡಿದರಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ನಂಬಿದವರು ಅವರು. ಅಂದೇ ವಾದ್ಯ ಪೆಟ್ಟಿಗೆ ಸೇರಿತು, ಪೆಟ್ಟಿಗೆ ಕಪಾಟಿನ ಮೇಲೇರಿತು. ಮನೆ ತುಂಬ ಜನ ಇದ್ದರೂ, ತಮ್ಮನ ಮಕ್ಕಳು ಮೈಮೇಲೆ ಬಿದ್ದರೂ, ಅಪ್ಪ ಗೋಡೆ ನೋಡುತ್ತ ಕೂರುತ್ತಾರೆ ಎಂದು ಅಮ್ಮ ಹೇಳುತ್ತಿದ್ದರು. ಈಗ ಹೊಸ ಸುದ್ದಿ: ಮೂಡುಬಿದಿರೆಯ ಸಂಬಂಧಿಕನೊಬ್ಬನಿಗೆ ವಾದ್ಯ ಕೊಟ್ಟುಬಿಡುತ್ತೇನೆ ಎಂದಿದ್ದಾರೆ. ಮುಂದಿನ ಭಾನುವಾರ ಅವನು ಬಂದು ತೆಗೆದುಕೊಂಡು ಹೋಗುತ್ತಾನೆ.

“ಅದು ಹೋದ್ರೆ ಇವ್ರು ಏಳ್ಲಿಕ್ಕಿಲ್ಲ ಮಗಾ,” ಅಂದರು ಅಮ್ಮ. ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಕನ್ನಡ ಮಾಡಿದ್ದೇನೆ.

ಫೋನಿಟ್ಟು ನಾನು ಆ ತಳದ ಆಲ್ಬಮ್ ತೆಗೆದೆ. ಚೀಟಿಯಲ್ಲಿ ಮುದುಕ ಬರೆದಿದ್ದ: “ಇದನ್ನು ನುಡಿಸುವಾಗ ಇವನಿಗೆ ನನ್ನ ವಯಸ್ಸು. ಬಾಯಲ್ಲಿ ಸ್ವಂತ ಹಲ್ಲಿಲ್ಲ. ಉಸಿರನ್ನು ಕೇಳು.” ಎರಡು ಸಲ ಓದಿದೆ. ಆಮೇಲೆ ಹಾಕಿದೆ. ಸ್ವರಕ್ಕೆ ಮೊದಲು ಉಸಿರು ಬಂತು, ಬಿಸಿಯಾದ, ಅಗಲವಾದ ಉಸಿರು. ಅವಸರವೇ ಇಲ್ಲ. ನಮ್ಮ ಅಂಗಳದಲ್ಲಿ ಬೆಳಿಗ್ಗೆ ಅಪ್ಪ ಷಡ್ಜ ಹಿಡಿದು ನಿಲ್ಲುತ್ತಿದ್ದದ್ದೂ ಹೀಗೆಯೇ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹದಿನೇಳು ವರ್ಷ ಮನೆಯಲ್ಲೇ ಇದ್ದ ವಾದ್ಯ ನನಗೆ ಕೇಳಿಸಿದ್ದು ಯಾನ್ಬುವಿನ ಬ್ಯಾಚುಲರ್ ಕೋಣೆಯಲ್ಲಿ. ನಾಚಿಕೆಯೂ ಆಯಿತು, ಅಳುವೂ ಬಂತು. ಇದನ್ನು ಅಪ್ಪನಿಗೆ ಕಳಿಸಬೇಕು, ಭಾನುವಾರದ ಒಳಗೆ ಕಳಿಸಬೇಕು ಎಂದುಕೊಂಡೆ.

ಆದರೆ ಎರಡನೆಯ ಹಾಡಿಗೆ ಪ್ಲೇಯರಿನ ಮುಳ್ಳು ಕೈಕೊಟ್ಟಿತು. ಯಾನ್ಬುವಿನಲ್ಲಿ ಅಂಥ ಮುಳ್ಳು ಕೇಳಿದರೆ ಹೊಲಿಗೆ ಸೂಜಿ ತೋರಿಸುತ್ತಾರೆ. ಜಿದ್ದಾದ ಶರಫಿಯಾದಲ್ಲಿ ಹಳೆಯ ರೇಡಿಯೋ ರಿಪೇರಿ ಮಾಡುವ ಒಬ್ಬ ಮಲಯಾಳಿಯಲ್ಲಿ ಸಿಗಬಹುದು ಎಂದ ರೂಮ್‌ಮೇಟ್. ಶುಕ್ರವಾರ ಅವನ ಕಾರಿನಲ್ಲಿ ಹೊರಟೆವು. ಮುಳ್ಳನ್ನು ಪರೀಕ್ಷಿಸಲು ಬೇಕಲ್ಲ ಎಂದು ಪ್ಲೇಯರ್ ಜೊತೆ ಅದೇ ಆಲ್ಬಮ್ಮನ್ನೂ ಹಿಂದಿನ ಸೀಟಿನಲ್ಲಿಟ್ಟೆ.

ಜಿದ್ದಾ ತಲುಪುವಾಗ ಜುಮ್ಮಾದ ಹೊತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು. ಅವನು ಮಸೀದಿಗೆ ಹೋದ, ನಾನು ಒಂದು ಮುಚ್ಚಿದ ಅಂಗಡಿಯ ನೆರಳಲ್ಲಿ ನಿಂತೆ. ಆಮೇಲೆ ಬಂಗುಡೆ ಸಾರು ಸಿಗುವ ಹೋಟೆಲಿನಲ್ಲಿ ಗಡದ್ದಾಗಿ ಉಂಡೆವು. ಊರಿನವರು ಸಿಕ್ಕಿದರು, ಮಾತಾಯಿತು. ನಾಲ್ಕರ ಮೇಲೆ ರಿಪೇರಿಯವನು ಶಟರ್ ಎತ್ತಿದ. ಕಾರಿಗೆ ಬಂದೆವು. ರೂಮ್‌ಮೇಟ್ ಜಾಣ, ಸ್ಟೀರಿಂಗ್ ಸುಡಬಾರದೆಂದು ಮುಂದಿನ ಗಾಜಿಗೆ ರಟ್ಟು ಅಡ್ಡ ಇಟ್ಟಿದ್ದ. ನಾನೂ ಜಾಣ, ರೆಕಾರ್ಡಿಗೆ ಧೂಳು ಬೀಳಬಾರದೆಂದು ಪೇಪರ್ ಹೊದಿಸಿದ್ದೆ. ಹಿಂದಿನ ಗಾಜಿನಿಂದ ನೇರ ಬಿಸಿಲು. ಹೊದಿಕೆಯಿಂದ ಎಳೆದರೆ ಕೈಗೆ ಬಂದದ್ದು ಕರಿದ ಹಪ್ಪಳ.

ಇದರಲ್ಲಿ ತಮಾಷೆ ಏನೆಂದರೆ, ನನ್ನ ಕೆಲಸವೇ ರಿಫೈನರಿಯಲ್ಲಿ ಉಷ್ಣತೆ ಅಳೆಯುವ ಮೀಟರುಗಳನ್ನು ಸರಿಪಡಿಸುವುದು. ದಿನವಿಡೀ ಯಾವ ಪೈಪು ಎಷ್ಟು ಬಿಸಿ ಎಂದು ಬರೆದಿಡುವವನಿಗೆ ಕಾರಿನ ಹಿಂದಿನ ಸೀಟು ಎಷ್ಟು ಬಿಸಿ ಎಂಬ ಅಂದಾಜಿರಲಿಲ್ಲ.

ಮುಳ್ಳು ಸಿಕ್ಕಿತು. ಕೋಣೆಗೆ ಬಂದು ರೆಕಾರ್ಡನ್ನು ಎರಡು ಗಾಜಿನ ನಡುವೆ ಇಟ್ಟು ಮೇಲೆ ಬಾಸ್ಮತಿ ಮೂಟೆ ಹೇರಿದೆ. ಶನಿವಾರ ಸಂಜೆ ತೆಗೆದರೆ ಹಾಗೆಯೇ ಬಾಗಿತ್ತು. ಹಾಕಿದೆ. ಮುಳ್ಳು ಅಲೆಯ ಮೇಲಿನ ದೋಣಿಯಂತೆ ಏರಿ ಇಳಿಯುತ್ತಿತ್ತು, ಜೊತೆಗೆ ಸ್ವರವೂ ತೂಗಾಡುತ್ತಿತ್ತು. ಭಾನುವಾರಕ್ಕೆ ಒಂದೇ ರಾತ್ರಿ ಉಳಿದಿತ್ತು. ಯೂಟ್ಯೂಬಿನಲ್ಲಿ ಹುಡುಕಿದರೆ ಆ ಆಲ್ಬಮ್ ಸಿಗಲಿಲ್ಲ. ಬೇರೆ ದಾರಿಯಿಲ್ಲದೆ ಅದನ್ನೇ ಫೋನಿನಲ್ಲಿ ರೆಕಾರ್ಡು ಮಾಡಿ ತಮ್ಮನ ವಾಟ್ಸಾಪಿಗೆ ಕಳಿಸಿದೆ. ಜೊತೆಗೆ ಬರೆದೆ: “ಅಪ್ಪನಿಗೆ ಕೇಳಿಸು. ನುಡಿಸಿದವನಿಗೆ ಹಲ್ಲಿಲ್ಲ.”

ಮರುದಿನ ಮಧ್ಯಾಹ್ನ ಫೋನು ಬಂತು. ಅಪ್ಪನೇ. ಊಟದ ಸುದ್ದಿಯಿಲ್ಲ, ಸೆಕೆಯ ಸುದ್ದಿಯಿಲ್ಲ.

“ಅವ ಯಾರಾ? ಸ್ವರ ಎಷ್ಟು ಚಂದ ಅಲ್ಲಾಡಿಸ್ತಾನೆ! ಈ ಗಮಕ ಅವ್ನಿಗೆ ಯಾರು ಕಲಿಸಿದ್ದು?”

ಅದು ಗಮಕವಲ್ಲ ಅಪ್ಪ, ಬಿಸಿಲು ಎನ್ನಬೇಕಿತ್ತು. “ಗೊತ್ತಿಲ್ಲಪ್ಪ,” ಎಂದೆ.

“ಬೇರೆ ಉಂಟಾ ಇಂಥದ್ದು?”

“ಒಂದು ಪೆಟ್ಟಿಗೆ ಉಂಟು.”

“ಕಳಿಸು,” ಅಂದರು. ಸಂಬಂಧಿಕನನ್ನು ಚಾ ಕೊಟ್ಟು ಬರಿಗೈಯಲ್ಲಿ ಕಳಿಸಿದರು ಎಂದು ಆಮೇಲೆ ಅಮ್ಮ ಹೇಳಿದರು.

ನನಗೆ ಹೊಸ ಚಿಂತೆ ಹತ್ತಿತು. ಉಳಿದ ರೆಕಾರ್ಡುಗಳೆಲ್ಲ ನೆಟ್ಟಗಿದ್ದವು, ಅಪ್ಪನಿಗೆ ರುಚಿಸದಿದ್ದರೆ? ರೂಮ್‌ಮೇಟ್ ಗಂಭೀರವಾಗಿ, “ಅವನ್ನೂ ಕಾರಲ್ಲಿ ಇಡುವನಾ ಮಾರಾಯ?” ಎಂದು ಕೇಳಿದ. ನಾನು ತಲೆದಿಂಬು ಎಸೆದೆ.

ನೆಟ್ಟಗಿದ್ದದ್ದನ್ನೇ ಕಳಿಸಿದೆ, ಪ್ರತಿ ಶುಕ್ರವಾರಕ್ಕೆ ಒಂದು. ಅಪ್ಪನ ಫೋನು ಶನಿವಾರ ಬರುತ್ತಿತ್ತು. ಪಿಯಾನೋ ಹೆಂಗಸಿನ ಬಗ್ಗೆ, “ತಾಳ ಮುಂದೆ ಹೋಗ್ತದೆ, ಇವಳು ಹಿಂದೆ ಹಿಂದೆ ನಡೀತಾಳೆ. ಸಮಕ್ಕೆ ಮಾತ್ರ ಸರಿ ಬಂದು ಕೂರ್ತಾಳೆ. ಜಾಣೆ,” ಎಂದರು. ಟೈ ಕಟ್ಟಿದವನಿಗೆ, “ಉಸಿರು ಎಲ್ಲಿ ತೆಗೀತಾನೆ, ಗೊತ್ತೇ ಆಗುದಿಲ್ಲ ಮಾರಾಯ. ಕಳ್ಳ.” ಇಂಗ್ಲಿಷಿನ ಒಂದು ಅಕ್ಷರ ಬಾರದ ಅಪ್ಪ, ಮುದುಕನ ಚೀಟಿಗಳಿಗಿಂತ ಹೆಚ್ಚು ಅದರಲ್ಲಿ ಓದಿದರು. ನಾನು ಅವರ ಮಾತನ್ನು ಚೀಟಿ ಮಾಡಿ ಮುದುಕನದ್ದರ ಪಕ್ಕದಲ್ಲೇ ಅಂಟಿಸುತ್ತ ಹೋದೆ. ಹತ್ತು ನಿಮಿಷಕ್ಕೆ ಕಡಿಮೆ ನಾವು ಮಾತಾಡಿದ್ದೇ ಇಲ್ಲ. ಒಂದು ಶನಿವಾರ ಫೋನಿನ ಹಿಂದಿನಿಂದ ಉದ್ದನೆಯ ಷಡ್ಜ ಕೇಳಿತು, ನಡುಗುವ ಷಡ್ಜ. ಕಟ್ಟಿಸಿದ ಹಲ್ಲು ಜಾರದಂತೆ ಅಪ್ಪ ವಾದ್ಯದ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದರಂತೆ. ನಾನು ಫೋನು ಹಿಡಿದು ಹಾಸಿಗೆಯಲ್ಲಿ ಕೂತುಬಿಟ್ಟೆ.

ಮುಂದಿನ ರಜೆಗೆ ಪೆಟ್ಟಿಗೆ, ಪ್ಲೇಯರ್ ಸಮೇತ ಊರಿಗೆ ಹೋದೆ. ರೆಕಾರ್ಡುಗಳನ್ನು ಎರಡು ಕಂಬಳಿಯ ನಡುವೆ ಕಟ್ಟಿ, ಮಡಿಲಲ್ಲೇ ಇಟ್ಟುಕೊಂಡು ಮಂಗಳೂರಲ್ಲಿ ಇಳಿದೆ. ಬಾಗಿದ್ದನ್ನೂ ತಂದಿದ್ದೆ. ಮನಸ್ಸಿನಲ್ಲಿ ಆ ಸುಳ್ಳು ಚುಚ್ಚುತ್ತಲೇ ಇತ್ತು. ಬೆಳಿಗ್ಗೆ ಕಾಫಿ ಆದ ಮೇಲೆ ಜಗಲಿಯಲ್ಲಿ ಅದನ್ನು ಅಪ್ಪನ ಕೈಗೆ ಕೊಟ್ಟೆ.

“ಅಪ್ಪ, ಅದು ಗಮಕ ಅಲ್ಲ. ಕಾರಲ್ಲಿಟ್ಟು ನಾನೇ ಬಗ್ಗಿಸಿದ್ದು.”

ಅಪ್ಪ ರೆಕಾರ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚು ನೋಡಿದರು. “ಗೊತ್ತುಂಟು,” ಅಂದರು. “ಪ್ರತಿ ಸುತ್ತಿಗೆ ಒಂದೇ ಕಡೆ ಅಲ್ಲಾಡಿದ್ರೆ ಅದು ಗಮಕವಾ? ಐವತ್ತು ವರ್ಷ ತಾಳದಲ್ಲಿ ನಿಂತವ ನಾನು.”

“ಮತ್ತೆ ಯಾಕೆ ಹೊಗಳಿದ್ರಿ?”

“ಹಾಳಾಗಿದೆ ಅಂತ ಹೇಳಿದ್ರೆ ನೀನು ಎರಡನೇದು ಕಳಿಸ್ತಿದ್ಯಾ?” ಅಪ್ಪ ನನ್ನ ಮುಖ ನೋಡಲಿಲ್ಲ, ರೆಕಾರ್ಡನ್ನೇ ನೋಡುತ್ತಿದ್ದರು. “ಹದಿನೇಳಕ್ಕೆ ಬಿಟ್ಟ ಮಾತು ನೀನಾಗಿ ತೆಗೆದಿದ್ದಿ. ನಾನು ಅದರಲ್ಲಿ ತಪ್ಪು ಹುಡುಕುದಾ?”

ಅಪ್ಪ ಒಳಗೆ ಹೋಗಿ ವಾದ್ಯ ತಂದರು, ಹಲ್ಲು ಸರಿ ಮಾಡಿಕೊಂಡರು, ಕುತ್ತಿಗೆಗೆ ಪಟ್ಟಿ ಹಾಕಿಕೊಂಡರು. ನಾನು ಪ್ಲೇಯರಿಗೆ ನೆಟ್ಟಗಿನ ರೆಕಾರ್ಡು ಹಾಕಹೊರಟಾಗ ತಡೆದರು.

“ಅದಲ್ಲ. ಆ ಬಗ್ಗಿದ್ದನ್ನೇ ಹಾಕು.”

ಹಾಕಿದೆ. ಹಲ್ಲಿಲ್ಲದ ಆ ಮನುಷ್ಯ ಜಗಲಿಯಲ್ಲಿ ತೂಗಾಡುತ್ತ ನುಡಿಸಿದ. ಅಪ್ಪ ಕಣ್ಣು ಮುಚ್ಚಿ ಅವನ ಜೊತೆ ಹೊರಟರು, ಸ್ವರ ಎಲ್ಲೆಲ್ಲಿ ಜಾರುತ್ತಿತ್ತೋ ಅಲ್ಲೆಲ್ಲ ತಮ್ಮದನ್ನು ನೆಟ್ಟಗೆ ಹಿಡಿದು ನಿಂತರು. ಒಂದು ಕಡೆ ಅವರ ಸ್ವರ ಕೀರಲಾಗಿ ಒಡೆಯಿತು. ಅಪ್ಪ ನಿಲ್ಲಿಸಲಿಲ್ಲ.