ಏಳು ಲಿಂಕು, ಒಂದು ಬೀಗದ ಕೈ

ನಾಲ್ಕು ವರ್ಷದಿಂದ ನಮ್ಮ ಮನೆಗೆ ಬರುತ್ತಿದ್ದ ಒಬ್ಬ ಹೆಂಗಸು ಒಂದು ದಿನವೂ ನಮ್ಮ ಮನೆಯ ಕಾಫಿ ಕುಡಿದಿರಲಿಲ್ಲ.

ಮೈಸೂರಿನವಳಾದ ನನಗೆ ಇದು ಸಣ್ಣ ವಿಷಯವಲ್ಲ. ನಮ್ಮ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಕಾಫಿಪುಡಿಯ ತೂಕವೇ ಹೆಚ್ಚು. ಮೊದಲ ಸಲ ಬೇಡ ಅಂದಾಗ ಸಂಕೋಚ ಅಂದುಕೊಂಡೆ. ಎರಡನೆಯ ಸಲ ಟೀ ಮಾಡಿದೆ. ಅದೂ ಬೇಡ. ಮೂರನೆಯ ಸಲಕ್ಕೆ ನಾನೇ ಕಾಯಿಲೆ ಕಂಡುಹಿಡಿದೆ: ಗ್ಯಾಸ್ಟ್ರಿಕ್. ಅವತ್ತಿನಿಂದ ಪ್ರತಿ ಬುಧವಾರ ಅವರಿಗೆಂದು ಜೀರಿಗೆ ಕಷಾಯ ಮಾಡಿ, ಫ್ಲಾಸ್ಕಿಗೆ ತುಂಬಿಟ್ಟು ಆಫೀಸಿಗೆ ಹೋಗುತ್ತಿದ್ದೆ. ಸಂಜೆ ಬಂದು ನೋಡಿದರೆ ಫ್ಲಾಸ್ಕು ಖಾಲಿ. (ಹೊಟ್ಟೆ ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅನ್ನುತ್ತಿದ್ದರು. ಎಲ್ಲ ಕಷಾಯದ ಗುಣ ಅಂತ ನಾನು ಒಳಗೊಳಗೇ ಬೀಗುತ್ತಿದ್ದೆ.)

ಇವರು ವಿಲ್ಮಾ. ಡಚ್ಚರ ನಾಡಿನಲ್ಲಿ, ಬೈಟನ್‌ವೆಲ್ಡರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ, ನಮ್ಮಿಂದ ಎರಡು ಬಾಗಿಲು ಆಚೆ ಇರುವವರು. ವಯಸ್ಸು ಅರವತ್ತಾರು. ಗಂಡ ಹಾನ್ಸ್ ಮಾತು ಕಡಿಮೆ, ಗಿಡಗಳಿಗೆ ನೀರು ಹಾಕುವುದು ಜಾಸ್ತಿ.

ಇಲ್ಲಿ ಬುಧವಾರ ಶಾಲೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಯಾಕೆ ಅಂತ ಯಾರನ್ನು ಕೇಳಿದರೂ "ಬುಧವಾರ ಅಲ್ಲವಾ" ಎಂಬ ಉತ್ತರವೇ ಬರುತ್ತದೆ. ನಾನು, ನನ್ನ ಗಂಡ ಇಬ್ಬರೂ ಜೈಡಾಸ್ ಎಂಬ ಆಫೀಸು ಕೇರಿಯಲ್ಲಿ ಸಂಜೆ ಆರರವರೆಗೆ ಲ್ಯಾಪ್‌ಟಾಪಿಗೆ ಅಂಟಿಕೊಂಡಿರುವವರು. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕಡೆ ವೇಟಿಂಗ್ ಲಿಸ್ಟ್. ಆಗ ಆರು ವರ್ಷದ ಮಗಳು ತಾನ್ವಿಯನ್ನು ಯಾರು ಕರೆತರಬೇಕು? ನಾನು ಕೇಳದೆಯೇ ವಿಲ್ಮಾ ತಾವಾಗಿ ಬಂದು, ಬುಧವಾರ ತಮಗೆ ಬೇರೆ ಕೆಲಸವಿಲ್ಲ ಅಂದರು. ನಾನು ಮನೆಯ ಒಂದು ಬೀಗದ ಕೈ ಕೊಟ್ಟೆ. ತಾನ್ವಿ ಅದಕ್ಕೆ ಮಣಿ ಪೋಣಿಸಿ ಒಂದು ಕೀಚೈನ್ ಮಾಡಿದಳು. ನಾಲ್ಕು ವರ್ಷದಲ್ಲಿ ವಿಲ್ಮಾ ತಪ್ಪಿಸಿದ್ದು ಎರಡೇ ಬುಧವಾರ, ಮಂಡಿಯ ಆಪರೇಷನ್ ಆದಾಗ.

ಹೋದ ತಿಂಗಳು ತಾನ್ವಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದರು. ಐದು ತಲೆಮಾರು. ವಿಲ್ಮಾಗೆ ಇದರಲ್ಲಿ ಎಲ್ಲಿಲ್ಲದ ಉತ್ಸಾಹ. ಇಬ್ಬರೂ ಸೇರಿ ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ತೀರಿಕೊಂಡವರ ಹೆಸರು, ಹುಟ್ಟಿದ ವರ್ಷ, ಹೋದ ವರ್ಷ ಎಲ್ಲ ಬರೆದುಕೊಂಡರು. ನನಗೇ ಗೊತ್ತಿಲ್ಲದ ಮುತ್ತಜ್ಜಿಯೊಬ್ಬರು ದೊಡ್ಡ ಹಾಳೆಯ ಮೇಲೆ ಚೌಕದೊಳಗೆ ಬಂದು ಕೂತರು. ನಾನು ಹೆಮ್ಮೆಯಿಂದ ಫೋಟೋ ತೆಗೆದು ನಮ್ಮ ಕನ್ನಡದ ಗೆಳತಿಯರ ಗ್ರೂಪಿಗೆ ಹಾಕಿದೆ.

ಎಲ್ಲರೂ ಹೂವು ಕಳಿಸಿದರು. ರೂಪಾ ಮಾತ್ರ ಫೋನ್ ಮಾಡಿದಳು.

ರೂಪಾ ನನ್ನ ಕಾಲೇಜಿನ ಗೆಳತಿ, ಈಗ ಇದೇ ದೇಶದ ಟಿಲ್‌ಬರ್ಗ್‌ನಲ್ಲಿದ್ದಾಳೆ. ಆ ವೃಕ್ಷ ಮಾಡಿಸಿದ್ದು ಯಾರು ಅಂತ ಕೇಳಿದಳು. ಹೇಳಿದೆ. ಆಮೇಲೆ ಡಾಕ್ಟರ ಹಾಗೆ ಒಂದೊಂದೇ ಲಕ್ಷಣ ಕೇಳುತ್ತಾ ಹೋದಳು. ಕಾಫಿ ಕುಡಿಯುತ್ತಾರಾ? ಇಲ್ಲ. ಟೀ? ಇಲ್ಲ. ವೈನ್? ಅದೂ ಇಲ್ಲ. ಭಾನುವಾರ ಅಂಗಡಿಗೆ ಹೋಗುತ್ತಾರಾ? ಯೋಚಿಸಿದರೆ ಹೋಗಿದ್ದನ್ನು ನಾನು ಕಂಡಿಲ್ಲ.

"ಮಾರ್ಮನ್ ಕಣೇ. ಆ ಕ್ರೈಸ್ತ ಪಂಥದೋರು ಕಾಫಿ, ಟೀ ಮುಟ್ಟಲ್ಲ. ನೂರಕ್ಕೆ ನೂರು," ಅಂದಳು. "ನಾಲ್ಕು ವರ್ಷ ಸುಮ್‌ಸುಮ್ನೆ ಯಾರಾದ್ರೂ ಅಷ್ಟೊಂದು ಒಳ್ಳೆಯವರಾಗಿರ್ತಾರಾ? ನಿನಗೆ ಡೌಟೇ ಬರ್ಲಿಲ್ವಾ?"

ನನ್ನ ರೋಗನಿರ್ಣಯ ಅಲ್ಲಿಗೆ ಬಿದ್ದುಹೋಯಿತು. ಗ್ಯಾಸ್ಟ್ರಿಕ್ ಅಲ್ಲ, ಧರ್ಮ.

ಮಾರ್ಮನ್ನರ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಬಿಳಿ ಶರ್ಟು, ಟೈ, ಎದೆಯ ಮೇಲೆ ಹೆಸರಿನ ಪಟ್ಟಿ, ಯಾವಾಗಲೂ ಇಬ್ಬಿಬ್ಬರು, ಮನೆ ಮನೆಗೂ ಬಂದು ಧರ್ಮಪ್ರಚಾರ. ಅಂಥ ಇಬ್ಬರು ಹುಡುಗರು ಒಮ್ಮೆ ನಮ್ಮ ಬೆಲ್ ಮಾಡಿದ್ದರು. ನಮ್ಮ ಅಡುಗೆಮನೆಯ ಕಿಟಕಿ ಕಾರಿಡಾರಿಗೇ ತೆರೆಯುತ್ತದೆ. ನಾನು ಒಗ್ಗರಣೆ ಆರಿಸಿ, ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತೆ. ಅವರು ಎರಡು ಸಲ ಬೆಲ್ ಮಾಡಿ, ಸಾಸಿವೆ ಘಮ ಬರುತ್ತಿದ್ದ ಆ ಖಾಲಿ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತು ಹೋದರು. ಅಂಥವರು ಆಮೇಲೆ ವಿಲ್ಮಾ ಮನೆಗೆ ಊಟಕ್ಕೆ ಹೋಗುವುದನ್ನೂ ನೋಡಿದ್ದೆ. ಹಾನ್ಸ್‌ನ ಅಣ್ಣನ ಮಕ್ಕಳಿರಬೇಕು ಅಂದುಕೊಂಡಿದ್ದೆ. (ಎದೆಗೆ ಹೆಸರು ಅಂಟಿಸಿಕೊಂಡು ಚಿಕ್ಕಪ್ಪನ ಮನೆಗೆ ಯಾರು ಬರುತ್ತಾರೆ ಅಂತ ನೀವು ಕೇಳಬಹುದು. ನಾನು ಕೇಳಿಕೊಂಡಿರಲಿಲ್ಲ.)

ರೂಪಾ ಏಳು ಲಿಂಕ್ ಕಳಿಸಿದಳು. ಟ್ರ್ಯಾಮ್‌ನಲ್ಲಿ ಕೂತು ಏಳನ್ನೂ ಓದಿದೆ.

ಜನ ಯಾಕೆ ಅನುಮಾನ ಪಡುತ್ತಾರೆ ಅನ್ನುವುದಕ್ಕೆ ಕಾರಣಗಳು ಬೇಕಾದಷ್ಟಿದ್ದವು. ಅವರ ಗ್ರಂಥ ಬಂದದ್ದು ಚಿನ್ನದ ಹಾಳೆಗಳಿಂದಂತೆ, ಆ ಹಾಳೆಗಳು ಈಗ ಯಾರ ಕಣ್ಣಿಗೂ ಸಿಗುವುದಿಲ್ಲ. ಮೊದಮೊದಲು ಅವರ ಹಿರಿಯರಿಗೆ ಹಲವು ಹೆಂಡತಿಯರಿದ್ದರು. ಅದನ್ನು ಬಿಟ್ಟು ನೂರು ವರ್ಷದ ಮೇಲಾದರೂ ಲೋಕ ಬಿಟ್ಟಿಲ್ಲ. ಅವರ ಮಂದಿರದೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ದುಡಿಮೆಯಲ್ಲಿ ಹತ್ತರಲ್ಲೊಂದು ಪಾಲು ಸಂಸ್ಥೆಗೆ. ಕಪ್ಪು ಜನರಿಗೆ ನಮ್ಮ ಅಮ್ಮನ ಕಾಲದವರೆಗೂ ಪೌರೋಹಿತ್ಯವಿರಲಿಲ್ಲ, ಹೆಂಗಸರಿಗೆ ಈಗಲೂ ಇಲ್ಲ. ಬಟ್ಟೆಯೊಳಗೆ ಪವಿತ್ರ ಉಡುಪು ಬೇರೆ. ಧರ್ಮ ಬಿಟ್ಟು ಬಂದ ಕೆಲವರು, ಅದರ ಜೊತೆಗೆ ಅಪ್ಪ ಅಮ್ಮನೂ ಬಿಟ್ಟುಹೋದರು ಅಂತ ಬರೆದಿದ್ದರು. ಅದನ್ನು ಓದಿದಾಗ ನಿಜಕ್ಕೂ ಸಂಕಟವಾಯಿತು.

ಒಳ ಉಡುಪಿನ ವಿಷಯಕ್ಕೆ ನಕ್ಕೆ. ಪಕ್ಕದಲ್ಲಿ ಕೂತಿದ್ದ ಗಂಡನ ಕಾಲರಿನಿಂದ ಜನಿವಾರ ಇಣುಕುತ್ತಿತ್ತು. ನಗು ನಿಲ್ಲಿಸಿದೆ.

ಹೆಂಗಸರಿಗೆ ಪೌರೋಹಿತ್ಯವಿಲ್ಲವೇ, ಎಂಥ ಅನ್ಯಾಯ ಅಂತ ಸಿಟ್ಟಾದೆ. ಆಮೇಲೆ ನಾನು ಕಂಡ ಅರ್ಚಕರನ್ನೆಲ್ಲ ಲೆಕ್ಕ ಹಾಕಿದೆ. ಮಂದಿರದ ಪ್ರವೇಶದ ವಿಷಯಕ್ಕಂತೂ ನಾನು ಬಾಯಿ ಬಿಡುವ ಹಾಗೇ ಇಲ್ಲ. ನಮ್ಮ ಗೋಡೆ ಬಿರುಕು ಬಿಟ್ಟಿದೆ ಅಂದ ಮಾತ್ರಕ್ಕೆ ಅವರ ಗೋಡೆ ನೆಟ್ಟಗಾಗುವುದಿಲ್ಲ, ನಿಜ. ಕೇಳಬೇಕಾದ ಪ್ರಶ್ನೆಗಳನ್ನು ಕೇಳಲೇಬೇಕು. ಆದರೆ ಯಾರನ್ನು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲೇ ಏಳನೇ ಲಿಂಕ್ ಬಂತು. ಅವರು ತೀರಿಕೊಂಡವರಿಗೂ ದೀಕ್ಷಾಸ್ನಾನ ಮಾಡಿಸುತ್ತಾರೆ. ಸತ್ತವರ ಹೆಸರು ಹುಡುಕಿ, ಆ ಹೆಸರಿನಲ್ಲಿ ಬದುಕಿರುವವರೊಬ್ಬರು ನೀರಿನಲ್ಲಿ ಮುಳುಗಿ ಏಳುತ್ತಾರೆ. ಅದಕ್ಕೇ ಅವರಿಗೆ ವಂಶವೃಕ್ಷದ ಮೇಲೆ ಅಷ್ಟು ಪ್ರೀತಿ. ಸಂಬಂಧವೇ ಇಲ್ಲದವರ ಹೆಸರುಗಳನ್ನೂ ಹಾಗೆ ಸೇರಿಸಿ ಹಿಂದೆ ದೊಡ್ಡ ಗಲಾಟೆಯಾಗಿತ್ತಂತೆ.

ನನ್ನ ಕಣ್ಣ ಮುಂದೆ ತಾನ್ವಿಯ ಹಾಳೆ ಬಂತು. ನಮ್ಮ ಇಪ್ಪತ್ತೆರಡು ಜನ ಸತ್ತವರು, ಇಸವಿ ಸಮೇತ, ವಿಲ್ಮಾ ಕೈಯಲ್ಲಿ.

ಅವತ್ತು ಸಂಜೆಯೇ ಅವರ ಮನೆಗೆ ಹೋದೆ. ಹೆಸರುಗಳ ಬಗ್ಗೆ ಕೇಳಲಿಲ್ಲ. ಧರ್ಮದ ಬಗ್ಗೆ ಕೇಳಲಿಲ್ಲ. ನಾವು ಬೀಗ ಬದಲಾಯಿಸುತ್ತಿದ್ದೇವೆ, ಹಳೆಯ ಬೀಗದ ಕೈ ವಾಪಸ್ ಬೇಕು ಅಂದೆ. ನಾಲ್ಕು ವರ್ಷದಲ್ಲಿ ಅವರಿಗೆ ನಾನು ಹೇಳಿದ ಮೊದಲ ಸುಳ್ಳು. ವಿಲ್ಮಾ ಕೊಕ್ಕೆಯಿಂದ ತೆಗೆದು, ಮಣಿಯ ಕೀಚೈನ್ ಸಮೇತ ಕೊಟ್ಟರು. ಹೊಸದು ಯಾವಾಗ ಅಂತ ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕು ಅಂತ ನಾನು ದಾರಿಯಲ್ಲಿ (ಎರಡು ಬಾಗಿಲಿನ ದಾರಿ) ಯೋಚಿಸಿಕೊಂಡು ಹೋಗಿದ್ದೆ.

ಮುಂದಿನ ಬುಧವಾರ ನಾನು ಅರ್ಧ ದಿನ ರಜೆ ಹಾಕಿ ಶಾಲೆಯ ಗೇಟಿನ ಹತ್ತಿರ ನಿಂತೆ. ತಾನ್ವಿ ನನ್ನ ಹಿಂದೆ ಮುಂದೆ ನೋಡಿದಳು. ವಿಲ್ಮಾ ಅಜ್ಜಿಗೆ ಹುಷಾರಿಲ್ಲವಾ ಅಂತ ಡಚ್ಚಿನಲ್ಲಿ ಕೇಳಿದಳು. ಹುಷಾರಾಗಿದ್ದಾರೆ ಅಂದೆ. ಅವಳು ಮನೆಗೆ ಬಂದು ಅಡುಗೆಮನೆಯ ಕೊಕ್ಕೆಯಲ್ಲಿ ತೂಗುತ್ತಿದ್ದ ತನ್ನ ಮಣಿಗಳನ್ನು ನೋಡಿದಳು.

"ಡಿಡ್ ಶಿ ಡೂ ಸಮ್‌ಥಿಂಗ್ ಬ್ಯಾಡ್, ಅಮ್ಮಾ?"

ಏನು ಮಾಡಿದ್ದಾರೆ ಅಂತ ಹೇಳಲಿ? ಕಾಫಿ ಕುಡಿದಿಲ್ಲ. ಅದೊಂದೇ ನನಗೆ ಸಾಕ್ಷಿ ಸಮೇತ ಗೊತ್ತಿದ್ದ ಅಪರಾಧ.

ನನ್ನ ಪರವಾಗಿ ಸಿಟ್ಟಾಗಲು ಒಬ್ಬರಾದರೂ ಬೇಕಿತ್ತು. ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಏಕಾದಶಿ ಬಿಡದವರು, ಮಡಿ ಬಿಡದವರು. ವಿಲ್ಮಾ ಮನಸ್ಸು ಮಾಡಿದರೆ ತಾತನಿಗೂ ದೀಕ್ಷಾಸ್ನಾನ ಮಾಡಿಸಿಬಿಡಬಹುದು ಅಂತ ವಿವರವಾಗಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡರು.

"ಬಿಸಿನೀರಲ್ಲೋ ತಣ್ಣೀರಲ್ಲೋ?" ಅಂದರು. "ನಿಮ್ಮ ತಾತನಿಗೆ ತಣ್ಣೀರು ಆಗ್ತಿರಲಿಲ್ಲ."

ಅಮ್ಮಾ, ತಮಾಷೆಯಲ್ಲ, ಯಾರನ್ನೂ ಕೇಳದೆ ಮಾಡುತ್ತಾರೆ ಅಂದೆ.

"ನಿಮ್ಮ ತಾತ ಮಹಾಲಯದಲ್ಲಿ ಪಶ್ಚಿಮವಾಹಿನಿಗೆ ಹೋಗಿ ತರ್ಪಣ ಬಿಡ್ತಿದ್ರಲ್ಲ, ನಮ್ಮೋರದೆಲ್ಲ ಆದ್ಮೇಲೆ ಸ್ಟೆಲ್ಲಾ ನರ್ಸಮ್ಮನ ಹೆಸರಲ್ಲೂ ಎಳ್ಳುನೀರು ಬಿಡೋರು. ಟೈಫಾಯಿಡ್ ಬಂದಾಗ ಉಳಿಸಿದ ತಾಯಿ ಅಂತ. ಆಯಮ್ಮ ಒಂದು ಭಾನುವಾರ ಚರ್ಚ್ ತಪ್ಪಿಸಿದೋರಲ್ಲ. ಅವರನ್ನ ಕೇಳಿ ಬಿಟ್ರಾ?"

ಅಮ್ಮ ಮುಂದುವರಿಸಿದರು. ಕೊನೆಗೆ ದಿಕ್ಕಿಲ್ಲದವರಿಗೆ, ಹೆಸರು ಗೊತ್ತಿಲ್ಲದವರಿಗೆ ಅಂತಲೂ ಒಂದು ಬೊಗಸೆ ಬಿಡುತ್ತಿದ್ದರಂತೆ. ಅವರಲ್ಲಿ ಯಾರ್ಯಾರಿದ್ದರೋ, ಯಾರಿಗೆ ಬೇಡವಾಗಿತ್ತೋ ತಾತ ವಿಚಾರಿಸಲಿಲ್ಲವಂತೆ. ಆಮೇಲೆ ಅಮ್ಮ, ಬುಧವಾರ ಇಷ್ಟು ಹೊತ್ತಿಗೆ ನೀನು ಮನೆಯಲ್ಲಿ ಯಾಕಿದ್ದೀಯ, ಮಗುವನ್ನು ಕರೆತರುವ ಆ ಪುಣ್ಯಾತ್ಗಿತ್ತಿ ಎಲ್ಲಿ ಅಂತ ಕೇಳಿದರು. ಸಿಗ್ನಲ್ ಸರಿಯಿಲ್ಲ ಅಂತ ಫೋನ್ ಇಟ್ಟೆ. ಅದು ಎರಡನೇ ಸುಳ್ಳು.

ಬಹಳ ನಾಚಿಕೆಯಾಯಿತು. ಬೀಗದ ಕೈ ಹಿಡಿದುಕೊಂಡು ಎರಡು ಬಾಗಿಲು ದಾಟಿದೆ.

ವಿಲ್ಮಾ ಜೊತೆ ನನ್ನ ಮಾತು ಅರ್ಧ ಡಚ್, ಅರ್ಧ ಇಂಗ್ಲಿಷು. ಕನ್ನಡದಲ್ಲಿ ಹೇಳುತ್ತೇನೆ. ಬೀಗ ಬದಲಾಯಿಸಿಲ್ಲ, ಸುಳ್ಳು ಹೇಳಿದೆ ಅಂದೆ. ಗೊತ್ತು ಅಂದರು. ದಿನಾ ನಮ್ಮ ಬಾಗಿಲ ಮುಂದೆಯೇ ಓಡಾಡುವವರಿಗೆ ಅದೇ ಹಳೆಯ ಹಿತ್ತಾಳೆ ಬೀಗ ಕಾಣುವುದಿಲ್ಲವೇ? ಇಷ್ಟು ಚಿಕ್ಕ ವಿಷಯ ಸುಳ್ಳು ಹೇಳುವಾಗ ನನ್ನ ತಲೆಗೆ ಹೊಳೆದಿರಲಿಲ್ಲ.

ಹೆಸರುಗಳ ಬಗ್ಗೆಯೂ ಕೊನೆಗೂ ಕೇಳಿದೆ. ಅವರು ಯಾವ ಹೆಸರನ್ನೂ ಎಲ್ಲಿಗೂ ಕಳಿಸಿರಲಿಲ್ಲ. ಅವರೆಲ್ಲ ನಿನ್ನ ಮನೆಯವರು, ನನ್ನ ಮನೆಯವರೇ ನನಗೆ ಬೇಕಾದಷ್ಟಿದ್ದಾರೆ ಅಂದರು. ಹಾಗಾದರೆ ಐದು ತಲೆಮಾರು ಯಾಕೆ ಬರೆಸಿದಿರಿ? ಟೀಚರ್ ಐದು ಕೇಳಿದ್ದರು, ಅದಕ್ಕೆ.

ನನಗೆ ಇನ್ನೂ ಒಂದು ನೆಪ ಬೇಕಿತ್ತು. ಪೂರ್ತಿ ತಪ್ಪು ನನ್ನದೇ ಆಗುವುದು ಯಾರಿಗೆ ತಾನೇ ಇಷ್ಟ? ಮಾರ್ಮನ್ ಅಂತ ನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ನನಗೆ ಹೇಳಬಹುದಿತ್ತಲ್ಲ ಅಂದೆ.

"ಹೇಳಿದರೆ ಜನ ಎರಡರಲ್ಲಿ ಒಂದು ಮಾಡುತ್ತಾರೆ," ಅಂದರು ವಿಲ್ಮಾ. "ನಗುತ್ತಾರೆ, ಇಲ್ಲವೇ ಬೀಗದ ಕೈ ವಾಪಸ್ ಕೇಳುತ್ತಾರೆ. ನೀನು ನಗಲಿಲ್ಲ."

ಹಾನ್ಸ್ ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ. ಆಮೇಲೆ ಮತ್ತೆ ನೀರು ಹಾಕತೊಡಗಿದ.

ಚಿನ್ನದ ಹಾಳೆಯ ಬಗ್ಗೆ, ಮುಚ್ಚಿದ ಮಂದಿರದ ಬಗ್ಗೆ, ಧರ್ಮ ಬಿಟ್ಟವರ ಅಪ್ಪ ಅಮ್ಮನ ಬಗ್ಗೆ ನನ್ನ ಪ್ರಶ್ನೆಗಳು ಈಗಲೂ ಹಾಗೇ ಇವೆ. ಯಾವತ್ತಾದರೂ ವಿಲ್ಮಾರನ್ನೇ ಕೇಳುತ್ತೇನೆ. ಆದರೆ ಒಂದು ಧರ್ಮವನ್ನು ಪ್ರಶ್ನೆ ಮಾಡುವುದಕ್ಕೂ, ನನ್ನ ಮಗಳ ಕೈ ಹಿಡಿದು ನಾಲ್ಕು ವರ್ಷ ರಸ್ತೆ ದಾಟಿಸಿದವರನ್ನು ಅನುಮಾನಿಸುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಓದು ಬೇಕು, ಧೈರ್ಯವೂ ಬೇಕು. ಎರಡನೆಯದಕ್ಕೆ ಏಳು ಲಿಂಕ್ ಸಾಕಾಯಿತು. ನನಗೆ ಅವರ ಸಂಸ್ಥೆಯನ್ನು ಏನೂ ಮಾಡಲಾಗುತ್ತಿರಲಿಲ್ಲ. ಕೈಗೆ ಸಿಕ್ಕಿದ್ದು ವಿಲ್ಮಾ.

ಬೀಗದ ಕೈ ಅವರ ಮುಂದೆ ಇಟ್ಟೆ. ಅವರು ಮಣಿಗಳನ್ನು ಒಮ್ಮೆ ಮುಟ್ಟಿ, ಸದ್ಯಕ್ಕೆ ನಿನ್ನ ಹತ್ತಿರವೇ ಇರಲಿ ಅಂದರು. ಬುಧವಾರ ತಾನ್ವಿಯನ್ನು ಕರೆತರುತ್ತಾರೆ, ಆದರೆ ತಮ್ಮ ಮನೆಗೆ. ಆಫೀಸು ಮುಗಿಸಿ ನಾನೇ ಬಂದು ಕರೆದುಕೊಂಡು ಹೋಗಬೇಕು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೂರು ಬುಧವಾರಗಳಿಂದ ಹಾಗೇ ನಡೆದಿದೆ. ಸಂಜೆ ಆರೂವರೆಗೆ, ಕೈಯಲ್ಲಿ ಕಷಾಯದ ಫ್ಲಾಸ್ಕ್ ಹಿಡಿದು, ಮುಖದ ಮೇಲೆ ಒಂದು ನಗು ಸಿದ್ಧಮಾಡಿಕೊಂಡು ಅವರ ಬೆಲ್ ಒತ್ತುತ್ತೇನೆ. ಒಳಗೆ ತಾನ್ವಿ ನಗುವುದು ಕೇಳುತ್ತದೆ. ವಿಲ್ಮಾ ಬಾಗಿಲು ತೆರೆದು, ಥ್ಯಾಂಕ್ಸ್ ಹೇಳಿ ಫ್ಲಾಸ್ಕ್ ತೆಗೆದುಕೊಂಡು, ಅವಳನ್ನು ಕರೆಯಲು ಒಳಗೆ ಹೋಗುತ್ತಾರೆ. ನನ್ನನ್ನು ಒಳಗೆ ಕರೆಯುತ್ತಾರೋ ಇಲ್ಲವೋ ಅಂತ ಹೊಸ್ತಿಲಿನ ಆಚೆ ಒಬ್ಬಳೇ ಕಾಯುತ್ತಾ ನಿಲ್ಲುತ್ತೇನೆ.

ಆ ಬಿಳಿ ಶರ್ಟಿನವರಾದರೂ ಇಬ್ಬರಿರುತ್ತಾರೆ.