ಮೇಲಿನ ಗೆರೆ ನಾಸಿಕದ್ದು

ನನ್ನ ತಂಗಿ ನಿರುಪಮಾ ಈವರೆಗೆ ನಲವತ್ತಮೂರು ಪರೀಕ್ಷೆ ಬರೆದಿದ್ದಾಳೆ. ಒಂದು ಉತ್ತರಪತ್ರಿಕೆಯ ಮೇಲೂ ಅವಳ ಹೆಸರಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪ್ರಶ್ನೆ ಓದಿ ಹೇಳುವುದು, ಅವರು ಹೇಳಿದ ಉತ್ತರವನ್ನು ಹೇಳಿದ ಹಾಗೇ ಬರೆಯುವುದು, ಇದು ಅವಳು ಮಾಡುವ ಕೆಲಸ. ಈ ಕಡೆ ಅಂಥವರನ್ನು ರೈಟರ್ ಅನ್ನುತ್ತಾರೆ. ಸಂಬಳ ಗಿಂಬಳ ಇಲ್ಲ. ಕಾಲೇಜಿನವರಿಗೆ ನೆನಪಾದರೆ ಒಂದು ಕಪ್ ಚಹಾ ಸಿಗುತ್ತದೆ.

ಈ ಕೆಲಸಕ್ಕೊಂದು ನಿಯಮವಿದೆ. ಬರೆಯುವವರ ಓದು ಪರೀಕ್ಷೆಗೆ ಕೂತವರ ಓದಿಗಿಂತ ಕಡಿಮೆ ಇರಬೇಕು. ಓದದೆ ಉಳಿದದ್ದೇ ಅರ್ಹತೆ ಎನ್ನುವ ಕೆಲಸ ಜಗತ್ತಿನಲ್ಲಿ ಇದೊಂದೇ ಇರಬೇಕು. ನಿರುಪಮಾಳ ಬಿ.ಎ. ಎರಡನೇ ವರ್ಷಕ್ಕೆ ನಿಂತಿತು, ನಿಲ್ಲಿಸಿದವನು ನಾನು. ನಾನಾಗ ನಾಸಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ನಾಸಿಕದ ಬ್ಯಾಂಕಿಗೆ ವರ್ಗವಾಗಿ ಬಂದಿದ್ದ ನಮ್ಮ ಗದಗಿನ ಕಡೆಯ ಹುಡುಗ ಬಿಂದುಮಾಧವ ಕಣ್ಣಿಗೆ ಬಿದ್ದ. ಒಂದು ವರ್ಷ ತಡೆಯಿರಿ, ಪರೀಕ್ಷೆ ಮುಗಿಸುತ್ತೇನೆ ಎಂದು ಅವಳು ಅತ್ತಳು. ಒಳ್ಳೆಯ ಸಂಬಂಧ ಕೈತಪ್ಪೀತು ಎಂದು ನಾನು ತಡೆಯಲಿಲ್ಲ. ಈಗ ನಿವೃತ್ತನಾಗಿ ನಾಸಿಕದಲ್ಲೇ ಕೂತು ಅದನ್ನು ನೆನೆಸುತ್ತಿರುತ್ತೇನೆ.

ಮದುವೆಯಾಗಿ ಇಪ್ಪತ್ಮೂರು ವರ್ಷ ಅವಳು ನಾಸಿಕದಲ್ಲಿದ್ದಳು. ಬಂದಾಗ ಅವಳ ಅಡುಗೆಮನೆ ಕಿಟಕಿಯಾಚೆ ದ್ರಾಕ್ಷಿ ತೋಟವಿತ್ತು. ಅಲ್ಲಿಂದ ಹೊರಡುವ ಹೊತ್ತಿಗೆ ಅದೇ ಜಾಗದಲ್ಲಿ ಏಳಂತಸ್ತಿನ ಮೂರು ಕಟ್ಟಡಗಳು ಎದ್ದಿದ್ದವು, ಬಟ್ಟೆ ಒಣಗಿಸಲು ಬಿಸಿಲೂ ಉಳಿದಿರಲಿಲ್ಲ. ನಾಲ್ಕು ವರ್ಷದ ಹಿಂದೆ ಬಿಂದುಮಾಧವನಿಗೆ ಸಂಭಾಜಿನಗರಕ್ಕೆ ವರ್ಗವಾಯಿತು. ಅಲ್ಲಿ ಅವಳಿಗೆ ಸಿಕ್ಕಿದವಳು ಪ್ರಾಚಿ.

ಪ್ರಾಚಿ ದೌಲತಾಬಾದಿನವಳು. ಹುಟ್ಟಿನಿಂದ ಕಣ್ಣಿಲ್ಲ. ಅವಳ ತಾಯಿ ಸಾವಿತ್ರಿಬಾಯಿ ಕೋಟೆಯ ರಸ್ತೆಯಲ್ಲಿ ಬೇಸಿಗೆಗೆ ಸೌತೆಕಾಯಿ, ಚಳಿಗಾಲಕ್ಕೆ ಪೇರಲ ಇಟ್ಟುಕೊಂಡು ಕೂಡುತ್ತಾಳೆ. ಹುಡುಗಿ ಬಿ.ಎ.ಯ ಎಲ್ಲ ವಿಷಯ ದಾಟಿದ್ದಳು, ಇಂಗ್ಲಿಷಿನಲ್ಲಿ ಮಾತ್ರ ಎರಡು ಸಲ ಬಿದ್ದಿದ್ದಳು. ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಆಯ್ಕೆಯೂ ಆಗಿತ್ತು. ಜುಲೈ ಮೊದಲ ವಾರದೊಳಗೆ ಪದವಿಯ ಕಾಗದ ತೋರಿಸಬೇಕು, ಇಲ್ಲದಿದ್ದರೆ ಕೆಲಸ ಮುಂದಿನವರಿಗೆ. ಆ ಕೆಲಸಕ್ಕೆ ಏಪ್ರಿಲ್ ಪರೀಕ್ಷೆಯೇ ಕೊನೆಯ ಅವಕಾಶವಾಗಿತ್ತು.

ಎರಡು ಸಲವೂ ಅವಳನ್ನು ಕೆಡವಿದ್ದು ಗೆರೆನಕ್ಷೆಯ ಪ್ರಶ್ನೆ. ಯಾವುದೋ ಊರಿನ ಜನಸಂಖ್ಯೆ ಏರಿದ ಗೆರೆ ಕೊಟ್ಟು, ನೋಡಿ ವರ್ಣಿಸಿ ಅನ್ನುತ್ತಾರೆ. ಕಾಣದವರಿಗೆ ಬದಲಿ ಪ್ರಶ್ನೆ ಕೊಡಬೇಕೆಂಬ ಪದ್ಧತಿ ಇದೆ, ಆದರೆ ಪ್ರಶ್ನೆಪತ್ರಿಕೆಯ ಲಕೋಟೆಯಲ್ಲಿ ಅದು ಬಂದಿರುವುದಿಲ್ಲ. ನಿರುಪಮಾ ಈ ಸಲ ಮೊದಲೇ ಸಿದ್ಧಳಾದಳು. ರಟ್ಟಿನ ಮೇಲೆ ಗೋಣಿದಾರ ಅಂಟಿಸಿ ಒಂದು ಗೆರೆ, ರೇಷ್ಮೆದಾರ ಅಂಟಿಸಿ ಇನ್ನೊಂದು ಗೆರೆ ಮಾಡಿದಳು. ಪ್ರಾಚಿ ಬೆರಳಿಟ್ಟು ದಾರದ ಮೇಲೆ ಹತ್ತುತ್ತ, ಇಲ್ಲಿ ನಿಧಾನ ಏರಿಕೆ, ಇಲ್ಲಿ ಚೂಪು ಏರಿಕೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಇಷ್ಟು ಜನ ಎಲ್ಲಿಂದ ಬರುತ್ತಾರೆ ಎಂದು ಒಮ್ಮೆ ಕೇಳಿದಳಂತೆ. ನಮ್ಮ ಹಾಗೆ ವರ್ಗವಾಗಿ ಬರುತ್ತಾರೆ, ಆದರೆ ಕಾರಣ ಬರೆದರೆ ಅಂಕ ಕೊಡುವುದಿಲ್ಲ ಎಂದು ನಿರುಪಮಾ ನಕ್ಕಳಂತೆ. ಮಾರ್ಚಿನ ಹೊತ್ತಿಗೆ ಹುಡುಗಿ ಯಾವ ಗೆರೆ ಕೊಟ್ಟರೂ ನೂರೈವತ್ತು ಪದ ತಪ್ಪಿಲ್ಲದೆ ಹೇಳುತ್ತಿದ್ದಳು.

ಒಂದು ಮಾತು ಇಲ್ಲಿ ಹೇಳಬೇಕು. ನನ್ನ ತಂಗಿಗೆ ಹತ್ತಿರದ್ದು ಕಾಣುವುದಿಲ್ಲ. ದೀಪಾವಳಿಗೆ ಬಂದಾಗ ಪಂಚಾಂಗವನ್ನು ಕೈಚಾಚಿ ದೂರ ಹಿಡಿದು ಓದುತ್ತಿದ್ದಳು. ಇನ್ನೊಂದು ಮೊಳ ಕೈ ಬೇಕೇನು, ಚಾಳೀಸು ಹಾಕಿಕೋ ಎಂದು ನಾನು ಗೇಲಿ ಮಾಡಿದ್ದೆ. ನಲವತ್ತಾರಾದರೂ ಬಿಂಕ. ಬೆಳಕು ಸರಿ ಇಲ್ಲ ಎಂದು ದೀಪದ ಮೇಲೆ ತಪ್ಪು ಹಾಕಿದಳು.

ಪರೀಕ್ಷೆಯ ದಿನ ಇವರಿಬ್ಬರಿಗೆ ಮೆಟ್ಟಿಲ ಕೆಳಗಿನ ಕೋಣೆ ಕೊಟ್ಟಿದ್ದರು. ಪ್ರಶ್ನೆ ಬಂದೇ ಬಂತು, ಹದಿನೈದು ಅಂಕದ್ದು. ನಾಸಿಕ ಮತ್ತು ಸಂಭಾಜಿನಗರ, ಎರಡು ನಗರಗಳ ಜನಸಂಖ್ಯೆ, ಎರಡು ಗೆರೆ. ಒಂದು ಗೆರೆಯ ಮೇಲೆ ದುಂಡು ಚುಕ್ಕೆ, ಇನ್ನೊಂದರ ಮೇಲೆ ಚೌಕ ಚುಕ್ಕೆ. ಯಾವುದು ಯಾರದ್ದು ಎಂದು ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಬರೆದಿತ್ತು. ಝೆರಾಕ್ಸ್ ಪ್ರತಿಯಲ್ಲಿ ನಿರುಪಮಾಳ ಕಣ್ಣಿಗೆ ಎರಡೂ ಕಪ್ಪು ಮುದ್ದೆ. ಯಾವ ಗೆರೆ ಮೇಲಿದೆ ಎಂದು ಪ್ರಾಚಿ ಕೇಳಿದಳು. ನಿರುಪಮಾಳ ತಲೆಯಲ್ಲಿ ದ್ರಾಕ್ಷಿ ತೋಟ, ಅದರ ಮೇಲೆದ್ದ ಮೂರು ಕಟ್ಟಡಗಳು. ಮೇಲಿನ ಗೆರೆ ನಾಸಿಕದ್ದು ಅಂದುಬಿಟ್ಟಳು. ಪ್ರಾಚಿ ನೂರೈವತ್ತು ಪದ ಹೇಳಿದಳು, ಇವಳು ಬರೆದಳು.

ಆ ಸಂಜೆ ನಿರುಪಮಾಳ ಮಗಳು ಮಾನ್ಯಾ ಪ್ರಶ್ನೆಪತ್ರಿಕೆ ನೋಡಿದಳು. ಹನ್ನೊಂದನೆಯ ಇಯತ್ತೆಯ ಹುಡುಗಿ, ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವವಳು. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದಳು. ಮೇಲಿನ ಗೆರೆ ಸಂಭಾಜಿನಗರದ್ದು. ಅಂಕಿಗಳು ಕಾಲ್ಪನಿಕ ಎಂದೂ ಕೆಳಗೆ ಬರೆದಿತ್ತು. ಅಲ್ಲಿಗೆ ಉತ್ತರದ ಪ್ರತಿಯೊಂದು ವಾಕ್ಯವೂ ತಿರುಗುಮುರುಗು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ, ಇವಳು ಕಾಣದ್ದನ್ನೇ ಪ್ರಮಾಣ ಮಾಡಿ ಹೇಳಿದ್ದಳು.

ಬಿಂದುಮಾಧವ ಸಜ್ಜನ, ಜಗಳವೆಂದರೆ ಬಾಗಿಲು ಹಾಕಿಕೊಳ್ಳುವ ಜಾತಿ. ಇರಲಾರದೆ ಇರುವೆ ಬಿಟ್ಟುಕೊಳ್ಳಬೇಡ ಅಂದ. ಈಗ ಹೇಳಲು ಹೋದರೆ ರೈಟರ್ ತನ್ನ ತಲೆಯಿಂದ ಹೇಳಿಕೊಟ್ಟಳು ಎಂದಾಗುತ್ತದೆ, ಅದಕ್ಕೆ ಕಾಪಿ ಎಂದು ಹೆಸರಿಟ್ಟು ಆ ಹುಡುಗಿಯ ಇಡೀ ಪರೀಕ್ಷೆ ರದ್ದು ಮಾಡಬಹುದು, ಸುಮ್ಮನಿದ್ದರೆ ಉಳಿದ ಪ್ರಶ್ನೆಗಳಲ್ಲಿ ಪಾಸಾದರೂ ಆದಾಳು ಎಂದ. ಅವನ ಮಾತು ತಳ್ಳಿಹಾಕುವಂಥದ್ದಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಇದನ್ನೆಲ್ಲ ಹೇಳಲು ನಿರುಪಮಾ ಆ ರಾತ್ರಿಯೇ ನನಗೆ ಫೋನ್ ಮಾಡಿದ್ದಳು.

“ಅಣ್ಣಾ, ನನಗ ಅಕ್ಷರ ಕಂಡಿದ್ದಿಲ್ಲ. ಕಾಣವಲ್ದು ಅಂತ ಹೇಳಬೇಕಿತ್ತು. ಕಣ್ಣಿಲ್ಲದ ಹುಡುಗಿ ಮುಂದ ಕೂತು ಅದನ್ನ ಹ್ಯಾಂಗ ಹೇಳ್ಲಿ?”

ಕಾರ್ಖಾನೆಯಲ್ಲಿ ನಮಗೊಂದು ಪದ್ಧತಿ ಇತ್ತು. ಸಂಜೆ ಉಪಕರಣ ಎಣಿಸುವಾಗ ಒಂದು ಸ್ಪ್ಯಾನರ್ ಕಡಿಮೆ ಬಂದರೆ, ಅದು ಸಿಗುವವರೆಗೆ ವಿಮಾನ ಹೊರಗೆ ಹೋಗುವ ಹಾಗಿಲ್ಲ. ಕಳೆದವನು ತಾನೇ ಬಂದು ಹೇಳಬೇಕು. ಹೇಳಿದವನನ್ನು ಯಾರೂ ಬೈಯುತ್ತಿರಲಿಲ್ಲ. ಮುಚ್ಚಿಟ್ಟವನಿಗೆ ಮಾತ್ರ ಕ್ಷಮೆ ಇರಲಿಲ್ಲ. ಮೂವತ್ತೊಂದು ವರ್ಷ ಅಲ್ಲಿ ತಪ್ಪು ಹುಡುಕಿ ಸಂಬಳ ತಿಂದವನು ನಾನು. ಮೊದಲು ಹುಡುಗಿಗೆ ಹೇಳು, ಕಾಲೇಜಿಗೆ ಹೇಳುವುದನ್ನು ಅವಳು ನಿರ್ಧರಿಸಲಿ ಎಂದು ಹೇಳಿ, ಮರುದಿನ ಬೆಳಗಿನ ಬಸ್ಸು ಹತ್ತಿದೆ.

ದೌಲತಾಬಾದಿನ ಬಿಸಿಲಲ್ಲಿ, ಸೌತೆಕಾಯಿ ಬುಟ್ಟಿಯ ಪಕ್ಕದಲ್ಲೇ ನಿರುಪಮಾ ಮರಾಠಿಯಲ್ಲಿ ಎಲ್ಲ ಹೇಳಿದಳು. ಚಾಳೀಸಿನ ಬಿಂಕವನ್ನೂ ಬಿಡಲಿಲ್ಲ. ಸಾವಿತ್ರಿಬಾಯಿ ಕತ್ತರಿಸುತ್ತಿದ್ದ ಕಾಯಿ ಕೆಳಗಿಟ್ಟಳು. ಕಣ್ಣಿದ್ದವರು ಎಂದೇ ಅಲ್ಲವೇ ನಿಮ್ಮನ್ನು ಕರೆದದ್ದು ಎಂದು ಕೇಳಿ, ಮತ್ತೆ ನಮ್ಮ ಕಡೆ ನೋಡಲಿಲ್ಲ. ನನ್ನ ತಂಗಿ ತಲೆ ತಗ್ಗಿಸಿ ನಿಂತದ್ದನ್ನು ನೋಡಲು ನನಗೆ ಕಷ್ಟವಾಯಿತು.

ಪ್ರಾಚಿ ಮಾತ್ರ ಶಾಂತವಾಗಿದ್ದಳು.

“ನನಗೆ ಆಗಲೇ ಅನುಮಾನ ಬಂದಿತ್ತು, ಮಾವಶಿ. ನೀವು ಓದುವಾಗ ನಿಮ್ಮ ಉಗುರು ಕಾಗದದ ಮೇಲೆ ಓಡುವ ಸದ್ದು ಬರುತ್ತದೆ. ಆ ಹೊತ್ತು ಬರಲಿಲ್ಲ. ನೀವು ಓದದೆ ಹೇಳಿದಿರಿ.”

ಹಾಗಾದರೆ ಯಾಕೆ ಕೇಳಲಿಲ್ಲ ಎಂದು ನಿರುಪಮಾ ತೊದಲಿದಳು.

“ಕೇಳಿ ನಿಮಗೆ ಸಿಟ್ಟು ಬಂದಿದ್ದರೆ? ಪೇಪರು ಅರ್ಧವೂ ಆಗಿರಲಿಲ್ಲ. ನೀವು ಎದ್ದು ಹೋದರೆ ನನಗೆ ಇನ್ಯಾರು ಬರೆಯುತ್ತಿದ್ದರು?”

ಯಾರಾದರೂ ಬರೆಯಲು ಬಂದು ಕೂಡುವುದೇ ಉಪಕಾರ, ಅವರನ್ನು ಪ್ರಶ್ನೆ ಮಾಡಬಾರದು ಎಂದು ಈ ಹುಡುಗಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ತಾನಾಗಿ ಕಲಿತಿದ್ದಳು. ಇಪ್ಪತ್ತೇಳು ವರ್ಷದ ಹಿಂದೆ ನನ್ನ ತಂಗಿಯೂ ಅತ್ತು ಕೇಳಿದ ಮೇಲೆ ನನ್ನ ಮುಂದೆ ಹೀಗೇ ಸುಮ್ಮನಾಗಿದ್ದಳು.

ಹೇಳೋಣ, ನಾನೂ ಬರುತ್ತೇನೆ ಎಂದು ಪ್ರಾಚಿ ಅಂದಳು. ಮೂವರೂ ಕಾಲೇಜಿಗೆ ಹೋದೆವು. ಅರ್ಜಿ ತೆಗೆದುಕೊಂಡರು, ಮುದ್ರೆ ಒತ್ತಿದರು. ಪರೀಕ್ಷೆ ರದ್ದು ಮಾಡಲಿಲ್ಲ, ಅಷ್ಟು ಪುಣ್ಯ. ಆದರೆ ಒಮ್ಮೆ ಕೊಟ್ಟ ಉತ್ತರ ಕೊಟ್ಟದ್ದೇ, ಬದಲಿಸಲು ಬರುವುದಿಲ್ಲ ಅಂದರು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು.

ಜೂನ್ ಕೊನೆಗೆ ಫಲಿತಾಂಶ ಬಂತು. ಪಾಸಾಗಲು ನಲವತ್ತು ಬೇಕು, ಬಂದದ್ದು ಮೂವತ್ತೇಳು. ಉತ್ತರಪತ್ರಿಕೆಯ ಪ್ರತಿ ತರಿಸಿದೆವು. ಗೆರೆನಕ್ಷೆಯ ಉತ್ತರಕ್ಕೆ ಹದಿನೈದರಲ್ಲಿ ಎರಡು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ಭಾಷೆ ಚೆನ್ನಾಗಿದೆ, ಚಿತ್ರ ಸರಿಯಾಗಿ ನೋಡಿಲ್ಲ ಎಂದು ಯಾರೋ ಪುಣ್ಯಾತ್ಮರು ಬರೆದಿದ್ದರು. ನಿರುಪಮಾ ಅದನ್ನು ಓದಿ ಎರಡು ದಿನ ಊಟ ಬಿಟ್ಟಳು. ಜುಲೈ ಬಂತು, ಆಪರೇಟರ್ ಕೆಲಸ ಬೇರೆಯವರ ಪಾಲಾಯಿತು. ಅದು ಮತ್ತೆ ಬರುವುದಿಲ್ಲ, ಬರುತ್ತದೆ ಎಂದು ನಾನು ಯಾರಿಗೂ ಸಮಾಧಾನ ಹೇಳಲಾರೆ.

ಇನ್ನು ಈ ಕೆಲಸ ಸಾಕು ಎಂದು ಅವಳು ನಿಲ್ಲಿಸಿದಳು. ನಾನು ನನ್ನ ಪಾಪ ತೊಳೆದುಕೊಳ್ಳುವ ಆಸೆಯಿಂದ ಬಿ.ಎ. ಪ್ರವೇಶದ ಫಾರಂ ತಂದುಕೊಟ್ಟೆ. ಅದನ್ನು ಫ್ರಿಜ್ ಮೇಲಿಟ್ಟಳು. ಅಷ್ಟರಲ್ಲಿ ಪ್ರಾಚಿಯ ಫೋನ್ ಬಂತು, ಅಕ್ಟೋಬರ್ ಪರೀಕ್ಷೆಗೆ ನೀವೇ ಬರೆಯಬೇಕು ಎಂದು. ನಿರುಪಮಾ ಬೇರೆಯವರನ್ನು ಹುಡುಕಿಕೊಡುತ್ತೇನೆ ಅಂದಳು. ಹುಡುಗಿ ಒಪ್ಪಲಿಲ್ಲ. ಈವರೆಗೆ ಆರು ಜನ ತನಗೆ ಬರೆದಿದ್ದಾರೆ, ಅವರು ಎಲ್ಲೆಲ್ಲಿ ತಪ್ಪು ಓದಿದರೋ ತನಗೆ ತಿಳಿಯದು, ಹುಡುಕಿಕೊಂಡು ಬಂದು ಹೇಳಿದವರು ನೀವೊಬ್ಬರೇ ಅಂದಳಂತೆ. ಒಂದೇ ಷರತ್ತು ಹಾಕಿದಳು. ತಾನು ಎಷ್ಟು ಸಲ ಕೇಳಿದರೂ ಬೇಸರ ಮಾಡಿಕೊಳ್ಳಬಾರದು.

ಫಾರಂ ತುಂಬುವ ಕೊನೆಯ ದಿನ ನಾನು ನೆನಪಿಸಿದೆ.

“ಇರಲಿ ಬಿಡು ಅಣ್ಣಾ. ನಾ ಬಿ.ಎ. ಆದ್ರ ಆಕಿಗೆ ಬರಿಯಾಕ ಬರೂದಿಲ್ಲ. ಮೊದಲ ಆಕಿ ಪಾಸಾಗ್ಲಿ.”

ಅಕ್ಟೋಬರಿನಲ್ಲಿ ಅವಳು ಚಾಳೀಸು ಹಾಕಿಕೊಂಡೇ ಹೋದಳು. ಇದನ್ನು ಬರೆಯುವಾಗ ಫಲಿತಾಂಶ ಇನ್ನೂ ಬಂದಿಲ್ಲ, ಏನಾಗುತ್ತದೋ ಗೊತ್ತಿಲ್ಲ. ಅವತ್ತೂ ಬದಲಿ ಪ್ರಶ್ನೆ ಇರಲಿಲ್ಲವಂತೆ. ಮತ್ತೆ ಎರಡು ನಗರ, ಎರಡು ಗೆರೆ. ಒಂದು ಕಡೆ ಮಸಿ ಹರಡಿ ಇಸವಿ ಅಳಿಸಿತ್ತು, ಕನ್ನಡಕಕ್ಕೂ ದಕ್ಕಲಿಲ್ಲ. ನಿರುಪಮಾ ಉಗುರನ್ನು ಅಲ್ಲೇ ನಿಲ್ಲಿಸಿದಳು. ಪ್ರಾಚಿ, ಇದು ನನಗೆ ಕಾಣುತ್ತಿಲ್ಲ ಎಂದು ಕೋಣೆಗೆಲ್ಲ ಕೇಳುವ ಹಾಗೆ ಹೇಳಿದಳು. ಮೇಲ್ವಿಚಾರಕರು ಕೇಳಿಸದವರ ಹಾಗೆ ಗೊಣಗುತ್ತ ಬಾಗಿಲಾಚೆ ಹೊರಟಿದ್ದರು. ಪ್ರಾಚಿ ತಾನೇ ಕೈ ಎತ್ತಿ, ಬೇರೆ ಪ್ರತಿ ತರಿಸಿಕೊಡಿ ಸರ್, ಅಲ್ಲಿಯವರೆಗೆ ನಾವು ಕಾಯುತ್ತೇವೆ ಅಂದಳು.