ಹೈಡ್ರೋಜನ್ನಿನ ಕಸ ಗುಡಿಸಿದ್ದು

ಮೊನ್ನೆ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ಮೊಬೈಲಿನಲ್ಲಿ ಆರ್ಬಿಟಲ್ ತೋರಿಸಿದಳು. ಪರಮಾಣುವಿನೊಳಗೆ ಎಲೆಕ್ಟ್ರಾನ್ ಎಲ್ಲೆಲ್ಲಿ ಇರಬಹುದು ಎಂದು ತೋರಿಸುವ ಚಿತ್ರ. ಬಲೂನಿನ ಹಾಗೆ ನುಣ್ಣಗಿತ್ತು, ಬೆರಳು ಸೋಕಿಸಿದರೆ ಗರಗರ ತಿರುಗುತ್ತಿತ್ತು. ಚೆನ್ನಾಗಿದೆ ಎಂದೆ. ಆದರೆ ಮೊಬೈಲನ್ನು ಬೇಗ ವಾಪಸ್ ಕೊಟ್ಟೆ. ಅಂಥದೇ ನುಣುಪಿನ ಆಸೆಗೆ ಬಿದ್ದು ನಾನು ನಸ್ರೀನಳನ್ನು ಕಳೆದುಕೊಂಡವಳು.

ನಸ್ರೀನ್ ನಮ್ಮ ಯಲಹಂಕದ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂ, ನಾನು ಕಂಪ್ಯೂಟರ್ ಮೇಡಂ. ಅವಳು ಬರುತ್ತಿದ್ದುದು ಆರ್.ಟಿ. ನಗರದಿಂದ. ಹೆಬ್ಬಾಳದಲ್ಲಿ ಬಸ್ಸು ಸಿಕ್ಕಿಕೊಂಡ ದಿನ ಅವಳ ಕ್ಲಾಸಿನಲ್ಲಿ ನಾನು ಹೋಗಿ ಕೂರುತ್ತಿದ್ದೆ. ಪಾಠವೇನೂ ಮಾಡುತ್ತಿರಲಿಲ್ಲ ಬಿಡಿ, ಗದ್ದಲವಾಗದಂತೆ ಕಣ್ಣು ಬಿಡುತ್ತಿದ್ದೆ, ಅಷ್ಟೆ.

ವಿಜ್ಞಾನ ಪ್ರದರ್ಶನಕ್ಕೆ ಹೈಡ್ರೋಜನ್ನಿನ ಚಿತ್ರ ಬರೆಯೋಣ ಎಂದವಳು ಅವಳೇ. ಲೆಕ್ಕ ಅವಳದು, ಪ್ರೋಗ್ರಾಂ ನನ್ನದು. ಎಲೆಕ್ಟ್ರಾನ್ ಸಿಗಬಹುದಾದ ಒಂದೊಂದು ಜಾಗಕ್ಕೂ ಒಂದೊಂದು ಚುಕ್ಕಿ, ಎಲ್ಲ ಸೇರಿ ಒಂದು ಮೋಡ. ಕಾಲೇಜಿನ ಆ ಮುದಿ ಕಂಪ್ಯೂಟರು ಚುಕ್ಕಿಗಳನ್ನು ಎಷ್ಟು ನಿಧಾನವಾಗಿ ಇಡುತ್ತಿತ್ತೆಂದರೆ, ನಾವು ಡಬ್ಬಿ ಬಿಚ್ಚಿ, ಅವಳ ಬದನೆಕಾಯಿ ಪಲ್ಯ ನನ್ನ ತಟ್ಟೆಗೂ ನನ್ನ ಚಿತ್ರಾನ್ನ ಅವಳ ತಟ್ಟೆಗೂ ಹೋಗಿ, ಊಟ ಮುಗಿದರೂ ಮೋಡ ಅರ್ಧವೇ ಆಗಿರುತ್ತಿತ್ತು. ಅಷ್ಟು ಸುಖವಾಗಿ ನಾನು ಇನ್ಯಾವ ಕೆಲಸಕ್ಕೂ ಕಾದಿಲ್ಲ.

ನಮ್ಮ ಮನೆಯವರನ್ನು ಕೇಳಿದರೆ ನನ್ನ ಸ್ವಭಾವ ಗೊತ್ತಾಗುತ್ತದೆ. ಸೋಫಾದ ಮೇಲೆ ಒಂದು ಕೂದಲು ಬಿದ್ದಿದ್ದರೂ ನನಗೆ ಕಾಫಿ ಇಳಿಯುವುದಿಲ್ಲ. ಪ್ರದರ್ಶನದ ಹಿಂದಿನ ದಿನ ನೋಡುತ್ತೇನೆ, ದುಂಡಗಿನ ಮೋಡದಿಂದಾಚೆ ಅಲ್ಲೊಂದು ಇಲ್ಲೊಂದು ಚುಕ್ಕಿ ಚೆಲ್ಲಿವೆ. ಒಂದು ಸಾಲು ಕೋಡ್ ಸೇರಿಸಿ ಎಲ್ಲವನ್ನೂ ಗುಡಿಸಿಬಿಟ್ಟೆ. ಅವಳನ್ನು ಒಂದು ಮಾತು ಕೇಳಲಿಲ್ಲ.

ಮರುದಿನ ಪ್ರಿನ್ಸಿಪಾಲರು ಹೊಗಳುತ್ತಿರುವಾಗ ಅವಳು ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: "ಆ ದೂರದ ಚುಕ್ಕಿಗಳೆಲ್ಲಿ?"

ಅಂದವಾಗಿ ಕಾಣಲಿ ಎಂದು ತೆಗೆದೆ ಎಂದೆ.

"ಅಪರೂಪಕ್ಕೆ ಎಲೆಕ್ಟ್ರಾನ್ ಅಲ್ಲೂ ಇರುತ್ತೆ ಕಣೇ. ದೂರ ಇದೆ ಅಂತ ಇಲ್ವೇ ಇಲ್ಲ ಅನ್ನೋಕಾಗುತ್ತಾ?"

ಅವಳು ಹೇಳಿದ್ದು ಸರಿ ಎಂದು ಆ ಕ್ಷಣವೇ ಗೊತ್ತಾಗಿತ್ತು. ಆದರೆ ಸುತ್ತ ಜನ, ಮೇಲೆ ಪ್ರಿನ್ಸಿಪಾಲರ ಹೊಗಳಿಕೆಯ ಅಮಲು. "ಹಾಗಾದ್ರೆ ಪ್ರೋಗ್ರಾಮೂ ನೀನೇ ಬರ್ಕೋ" ಎಂದುಬಿಟ್ಟೆ. ಮರುದಿನದಿಂದ ಅವಳು ಲ್ಯಾಬಿಗೆ ಬಾರದೆ ಸ್ಟಾಫ್ ರೂಮಿನಲ್ಲೇ ಊಟ ಮಾಡಿದಳು. ಆ ಬೇಸಿಗೆ ಅವಳ ಗಂಡನಿಗೆ ರಾಯಚೂರಿಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ನಾನು ಲ್ಯಾಬಿನಲ್ಲಿ ಕೀಬೋರ್ಡ್ ಒರೆಸುತ್ತ ಕೂತಿದ್ದೆ, ಕ್ಷಮಿಸು ಎನ್ನಲು ಹೋಗಲಿಲ್ಲ. ಅವಳ ನಂಬರು ಪ್ರತಿ ಹೊಸ ಫೋನಿಗೂ ನನ್ನ ಜೊತೆ ಬಂತು. ಒಮ್ಮೆಯೂ ಒತ್ತಲಿಲ್ಲ.

ಮೊನ್ನೆ ಆ ಬಲೂನು ನೋಡಿ ಬಂದವಳು ಹಳೆಯ ಪ್ರೋಗ್ರಾಂ ಹುಡುಕಿ ತೆಗೆದೆ. ನನ್ನ ಆ ಒಂದು ಸಾಲನ್ನು ಅಳಿಸಿ ಪ್ರೋಗ್ರಾಂ ಓಡಿಸಿದೆ. ಈಗಿನ ಲ್ಯಾಪ್‌ಟಾಪು, ಕಣ್ಣು ಮಿಟುಕಿಸುವುದರೊಳಗೆ ಇಡೀ ಮೋಡ ಮುಗಿಸಿತು. ಡಬ್ಬಿ ಬಿಚ್ಚಲು ಹೊತ್ತಿಲ್ಲ, ಎದುರಿಗೆ ಅವಳೂ ಇಲ್ಲ. ಎಷ್ಟು ಬೇಕಾಗಿದ್ದಳು ಎಂದು ಅಳುವೇ ಬಂತು. ಪರದೆಯ ಮೂಲೆಯಲ್ಲಿ ಒಂದೇ ಒಂದು ಚುಕ್ಕಿ. ಒರೆಸಲು ಕೈ ಹೋಗಲಿಲ್ಲ, ಫೋನಿಗೆ ಹೋಯಿತು.

ಯಾರು ಎಂದು ಕೇಳಿದಳು. ಹೆಸರು ಹೇಳಿದೆ.

"ತಪ್ಪಾಯ್ತು ಕಣೇ," ಎಂದೆ. "ದೂರದ ಚುಕ್ಕಿ ವಾಪಸ್ ಬಂದಿದೆ."

ಅವಳು ಕೇಳಿದಳು: "ಎಷ್ಟು ದೂರದಲ್ಲಿ?"